ಆಷಾಢದ ಗಾಳಿಗೆ ಯಾವ ಟೆಂಟು?

ಗಾಳಿ ಜೋರಿರುವ ಗುಡ್ಡದ ಸಾಲಿನಲ್ಲಿ ದಿನಗಟ್ಟಲೆ ನಡೆಯುವವರಿಗೆ ಅಂಗಡಿಯವರು ಮೊದಲು ಟೆಂಟಿನ ತೂಕ ಹೇಳುತ್ತಾರೆ. ನಾನು ಮೊದಲು ನೆಲದ ಬಗ್ಗೆ ಕೇಳುತ್ತೇನೆ. ಅಲ್ಲಿ ಗೂಟ ಇಳಿಯುತ್ತದಾ?

ನಮ್ಮ ಹತ್ತಿರ ಇರುವುದು ಎರಡು ಟೆಂಟು. ಭಾವನದು ಡೋಮ್ ಟೆಂಟು. ಬಾಗುವ ಕಡ್ಡಿಗಳ ಮೇಲೆ ತಾನೇ ನಿಲ್ಲುತ್ತದೆ, ತೂಕ ಮೂರು ಕಿಲೋ ಹತ್ತಿರ. ನನ್ನದಕ್ಕೆ ಕಡ್ಡಿಯೇ ಇಲ್ಲ. ಹತ್ತುವಾಗ ಊರಿಕೊಳ್ಳುವ ಕೋಲುಗಳೇ ಅದಕ್ಕೆ ಕಂಬ, ತೂಕ ಒಂದು ಕಿಲೋ ಚಿಲ್ಲರೆ. ಶೇಂಗಾ ಒಣಹಾಕುವ ತಾಡಪಾಲನ್ನೂ ಕಟ್ಟಿ ನೋಡಿದೆವು. ರಾತ್ರಿಯಿಡೀ ಪಟಪಟ. ಅದರ ಕಥೆ ಅಷ್ಟೇ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿನಲ್ಲಿ ಕರಡಿ, ಚಿರತೆ ಇವೆ. ಅಲ್ಲಿ ಸುಮ್ನೆ ಹೋಗಿ ಟೆಂಟು ಹಾಕುವ ಹಾಗಿಲ್ಲ. ಹಾಗಾಗಿ ಊರ ಹತ್ತಿರ, ಗಾಳಿ ಫ್ಯಾನುಗಳ ಸಾಲಿನ ಪಕ್ಕ ನೆಂಟರ ಹೊಲದಲ್ಲೇ ಹಾಕಿದೆವು. ಆಷಾಢದಲ್ಲಿ ಅಲ್ಲಿ ನೆಟ್ಟಗೆ ನಿಂತು ಮಾತಾಡುವುದೇ ಕಷ್ಟ. ನೆಲ ನೋಡಿದರೆ ಗರಸು, ಅದರ ಕೆಳಗೆ ಬಂಡೆ. ಗೂಟ ನಾಲ್ಕು ಬೆರಳು ಇಳಿದು ಬಾಗುತ್ತದೆ.

ಇಂಥ ಕಡೆ ಡೋಮೇ ಸರಿ, ಅನುಮಾನವಿಲ್ಲ. ಗಾಳಿ ಬರುವ ಕಡೆಯ ಮೂಲೆಗಳಿಗೆ ಮೊದಲೇ ಕಲ್ಲು ಹೇರಿ, ಆಮೇಲೆ ಕಡ್ಡಿ ತೂರಿಸಬೇಕು. ಇಲ್ಲದಿದ್ದರೆ ಗಾಳಿಪಟದ ಹಾಗೆ ಹೋಗುತ್ತದೆ. ನಿಂತ ಮೇಲೆ ಜೋರು ಗಾಳಿಗೆ ಗೋಡೆ ಬಾಗಿ ಮುಖಕ್ಕೇ ತಾಗುತ್ತದೆ, ಆದರೆ ಮತ್ತೆ ಎದ್ದು ನಿಲ್ಲುತ್ತದೆ. ಕೋಲಿನ ಟೆಂಟಿಗೆ ಆ ಗುಣವಿಲ್ಲ. ಅದರ ಬಲವೆಲ್ಲ ಹಗ್ಗದಲ್ಲಿ. ಮುಖ್ಯವಾದ ಒಂದು ಗೂಟ ಕಿತ್ತರೆ ಇಡೀ ಟೆಂಟೇ ಮೈಮೇಲೆ. ಹಗ್ಗದ ತುದಿಗೆ ಒಂದು ಪುಟ್ಟ ಕಲ್ಲು ಕಟ್ಟಿ, ಅದು ಜಾರದ ಹಾಗೆ ಮುಂದೆ ದೊಡ್ಡ ಕಲ್ಲು ಹೇರಿದರೆ ನಿಲ್ಲುತ್ತದೆ. ಆದರೆ ಕಲ್ಲಿನ ಅಂಚಿಗೆ ಸಣ್ಣ ಹಗ್ಗ ಉಜ್ಜಿ ಸವೆಯುತ್ತದೆ, ನಡುವೆ ಒಂದು ಬಟ್ಟೆ ಇಡಬೇಕು. ಮಣ್ಣಿನ ಧೂಳು ಮಾತ್ರ ಎರಡರ ಒಳಗೂ ಬಂತು. ಬೆಳಿಗ್ಗೆ ಹಲ್ಲಿನಲ್ಲೂ ಕರಕರ.

ಇವೆರಡನ್ನೇ ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪಕ್ಕೆ ಒಯ್ದೆವು. ಅಕ್ಕ–ಭಾವ ಇರುವುದು ಆ ಕಡೆಯೇ. ಅಲ್ಲಿನ ಟ್ರಾನ್ಸ್ ಕ್ಯಾಟಲಿನಾ ಹಾದಿ ಸುಮಾರು 62 ಕಿಲೋಮೀಟರ್. ದ್ವೀಪದ ಅತಿ ಎತ್ತರದ ಒರಿಜಾಬಾ ಗುಡ್ಡ 640 ಮೀಟರ್ ಆಸುಪಾಸು. ನಮ್ಮ ಚಿತ್ರದುರ್ಗ ಊರೇ ಅದಕ್ಕಿಂತ ಎತ್ತರದಲ್ಲಿದೆ! ಅಷ್ಟೇನಾ ಅಂದುಕೊಳ್ಳಬೇಡಿ. ಹಾದಿ ಕಡಲ ಮಟ್ಟದಿಂದ ಏರುತ್ತದೆ, ಮತ್ತೆ ಕಡಲಿಗೇ ಇಳಿಯುತ್ತದೆ, ಮತ್ತೆ ಏರುತ್ತದೆ. ಗುಡ್ಡದ ಬೆನ್ನಿನ ಮೇಲೆ ನೆರಳಿಲ್ಲ. ಭಾವ ಡೋಮ್ ಹೊತ್ತರು, ನಾನು ನನ್ನದು.

ಅಲ್ಲಿ ಲೆಕ್ಕ ತಿರುಗಿತು. ಗುಡ್ಡದ ಬೆನ್ನಿನ ಮೇಲೆ ಎಲ್ಲಿ ಬೇಕೆಂದರಲ್ಲಿ ಮಲಗುವ ಹಾಗಿಲ್ಲ, ಗೊತ್ತುಮಾಡಿದ ಕ್ಯಾಂಪಿನಲ್ಲೇ ಜಾಗ ಕಾದಿರಿಸಬೇಕು. ಬ್ಲ್ಯಾಕ್‌ಜ್ಯಾಕ್ ಕ್ಯಾಂಪಿನಲ್ಲಿ ಮರಗಳ ಮರೆ ಇದೆ, ಎರಡೂ ಟೆಂಟು ಚೆನ್ನಾಗಿಯೇ ನಿಂತವು. ಲಿಟಲ್ ಹಾರ್ಬರ್ ಕ್ಯಾಂಪು ಕಡಲ ದಂಡೆ, ಮರಳು. ಗೂಟ ಬೆಣ್ಣೆಗೆ ಇಳಿದಂತೆ ಇಳಿದು ಹಾಗೇ ಮೇಲೆ ಬಂತು. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂತಿಟ್ಟೆ. ಆಮೇಲೆ ಅಲುಗಲಿಲ್ಲ. ಬೆಳಗಿನ ಮಂಜಿಗೆ ನನ್ನ ಟೆಂಟಿನ ನೈಲಾನ್ ಜೋತು ಬಿದ್ದಿತ್ತು. ನಿದ್ದೆಗಣ್ಣಲ್ಲೇ ಎದ್ದು ಹಗ್ಗ ಬಿಗಿ ಮಾಡಬೇಕಾಯಿತು, ಒಳಗೆಲ್ಲ ಹನಿ. ಭಾವನ ಡೋಮಿಗೆ ಎರಡು ಪದರ, ಅವರು ಒಣಗಿಕೊಂಡೇ ಇದ್ದರು.

ಆದರೂ ಅಲ್ಲಿಗೆ ನನ್ನ ಓಟು ಕೋಲಿನ ಟೆಂಟಿಗೇ. ಕಾರಣ ನೀರು. ಎರಡು ಕ್ಯಾಂಪುಗಳ ನಡುವೆ ನೀರು ಹೊತ್ತೇ ನಡೆಯಬೇಕು, ಲೀಟರಿಗೆ ಒಂದು ಕಿಲೋ. ಕೊನೆಯ ಪಾರ್ಸನ್ಸ್ ಲ್ಯಾಂಡಿಂಗ್ ಕ್ಯಾಂಪಿನಲ್ಲಂತೂ ನಲ್ಲಿಯೇ ಇಲ್ಲ. ಮೊದಲೇ ದುಡ್ಡು ಕಟ್ಟಿದವರಿಗೆ ಲಾಕರಿನಲ್ಲಿ ನೀರು ಮತ್ತು ಸೌದೆ ಇಟ್ಟಿರುತ್ತಾರೆ. ಟೆಂಟಿನಲ್ಲಿ ಉಳಿದ ಸುಮಾರು ಎರಡು ಕಿಲೋ ಅಂದರೆ ಸುಮಾರು ಎರಡು ಲೀಟರ್ ನೀರು, ಅಲ್ವಾ?

ಭಾವ ಒಪ್ಪುವುದಿಲ್ಲ. "ನೀನು ಹಗ್ಗ ಬಿಗಿ ಮಾಡೋ ಹೊತ್ತಿಗೆ ನಾನು ಇನ್ನೊಂದು ನಿದ್ದೆ ಮಾಡಿದ್ದೆ ಕಣೋ" ಅನ್ನುತ್ತಾರೆ. ಇಬ್ಬರು ಹೋಗುವುದಾದರೆ ಅವರ ಮಾತೂ ಸರಿಯೇ. ಡೋಮನ್ನು ಬಿಡಿಸಿ, ಬಟ್ಟೆ ಒಬ್ಬರು ಕಡ್ಡಿ ಒಬ್ಬರು ಹೊತ್ತರೆ ತಲೆಗೆ ಒಂದೂವರೆ ಕಿಲೋ ಬೀಳುತ್ತದೆ. ಒಬ್ಬರೇ ಹೊರಟರೆ ಕೋಲಿನದನ್ನೇ ಒಯ್ಯಿರಿ, ಜೊತೆಗೆ ನಾಲ್ಕು ಖಾಲಿ ಚೀಲ.