ಬಾಯಿಗೆ ಸಿಹಿ, ಕಾಲಿಗೆ ಸೊನ್ನೆ: ಸೈಕಲ್ ಸವಾರರಿಗೆ ಮಾರುವ ಪುಡಿಯ ಬಗ್ಗೆ ಎಚ್ಚರ

ದೂರದ ಸವಾರಿ ಹೋಗುವವರು ದಯವಿಟ್ಟು ಓದಿ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ನಾನು ಮೋಸ ಹೋದೆ. ನೀರಿಗೆ ಹಾಕಿ ಕುಡಿಯುವ ಪುಡಿಯ ಹತ್ತು ಪೊಟ್ಟಣಕ್ಕೆ 900 ರೂಪಾಯಿ ಕೊಟ್ಟೆ, ಬಿಲ್ ಕೂಡ ಕೇಳಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ರಿಪ್ಪನ್‌ಪೇಟೆ, ಹೊಸನಗರ, ನಗರ ಎಂಬ ಊರುಗಳನ್ನು ದಾಟಿ ಮಾಸ್ತಿಕಟ್ಟೆಗೆ ಹೊರಟಿದ್ದೆ. ಆಷಾಢದ ಮಳೆಯಲ್ಲಿ ಆ ಕಡೆಯ ಗೂಡಂಗಡಿಗಳಲ್ಲಿ ಬಿಸ್ಕತ್ತು ಸಿಕ್ಕೀತು, ಹಣ್ಣು ಸಿಗುವುದಿಲ್ಲ. ಅದನ್ನೇ ಅಂಗಡಿಯವರಿಗೆ ಬಿಡಿಸಿ ಹೇಳಿದೆ. "ಗಂಟೆಗೊಂದು ಪೊಟ್ಟಣ ನೀರಿಗೆ ಹಾಕಿ ಕುಡಿಯಿರಿ ಸರ್, ಬಾಳೆಹಣ್ಣು ಹೊರುವ ಗೋಜೇ ಬೇಡ" ಎಂದರು. ನಂಬಿದೆ. ತಂದಿಟ್ಟಿದ್ದ ಒಂದು ಚಿಪ್ಪು ಬಾಳೆಹಣ್ಣನ್ನು ಮನೆಯಲ್ಲೇ ಬಿಟ್ಟು ಹೊರಟೆ!

ನಗರ ದಾಟಿದ ಮೇಲಿನ ಏರಿನಲ್ಲಿ ಕಾಲು ನಡುಗತೊಡಗಿತು, ಕಣ್ಣು ಕತ್ತಲಿಟ್ಟಿತು. ನಾಲ್ಕು ಪೊಟ್ಟಣ ಆಗಲೇ ಕುಡಿದಿದ್ದೆ, ಐದನೆಯದನ್ನೂ ಕುಡಿದೆ. ಬಾಯಿ ತುಂಬ ಸಿಹಿ, ಮೈಯಲ್ಲಿ ಕಸುವಿಲ್ಲ. ಬಸ್ ತಂಗುದಾಣದಲ್ಲಿ ಕುಸಿದು ಕೂತು, ಒದ್ದೆ ಪೊಟ್ಟಣವನ್ನು ಅಂಗಿಗೆ ಒರೆಸಿ, ಮೊದಲ ಬಾರಿಗೆ ಹಿಂಬದಿ ಓದಿದೆ. ತೂಕ 5 ಗ್ರಾಂ. ಮೈಗೆ ಶಕ್ತಿ ಕೊಡುವ ಕಾರ್ಬೋಹೈಡ್ರೇಟ್ 2 ಗ್ರಾಂ. ಸಿಹಿಗೆ ಸುಕ್ರಲೋಸ್, ಅಂದರೆ ರುಚಿ ಮಾತ್ರ ಕೊಡುವ, ಶಕ್ತಿ ಕೊಡದ ಕೃತಕ ಸಿಹಿ.

ಎರಡು ಗ್ರಾಂ! ಗಂಟೆಗಟ್ಟಲೆ ತುಳಿಯುವವರಿಗೆ ಗಂಟೆಗೆ 30ರಿಂದ 60 ಗ್ರಾಂ ಬೇಕು. ಒಂದು ಬಾಳೆಹಣ್ಣಿನಲ್ಲೇ ಸುಮಾರು 25 ಗ್ರಾಂ ಇರುತ್ತದೆ. ಆ ಪುಡಿ ಬೆವರಿನಲ್ಲಿ ಹೋದ ಉಪ್ಪನ್ನು ತುಂಬಲು ಮಾಡಿದ್ದು, ಹೊಟ್ಟೆಗಲ್ಲ. ಅದನ್ನು ಊಟ ಎಂದು ನನಗೆ ಮಾರಿದರು.

ಎದುರು ಮನೆಯ ಅಮ್ಮ ಕಂಡು, "ಮೊದಲು ಒಳಗೆ ಬಂದು ಕೂತುಕೊ ತಮ್ಮಾ" ಎಂದು ಬೆಲ್ಲ, ನೀರು, ಒಂದು ಬಟ್ಟಲು ಅವಲಕ್ಕಿ ಕೊಟ್ಟರು. ಅರ್ಧ ಗಂಟೆಯಲ್ಲಿ ಎದ್ದು ನಿಂತೆ. ಅವರ ಋಣ ದೊಡ್ಡದು.

ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿದೆ. "ಸಕ್ಕರೆ ಇಲ್ಲದಿರುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೇ ಸರ್?" ಎಂದರು. ಬಾಳೆಹಣ್ಣು ಬೇಡ ಎಂದವರು ನೀವೇ ಅಲ್ಲವೇ ಎಂದೆ. "ಬೇರೆ ಯಾರೂ ದೂರಿಲ್ಲ, ನಿಮಗೆ ಅಭ್ಯಾಸ ಸಾಲದು." ಹತ್ತು ವರ್ಷದಿಂದ ಈ ಘಟ್ಟದ ರಸ್ತೆಗಳಲ್ಲಿ ತುಳಿಯುತ್ತಿರುವವನಿಗೆ ಈ ಮಾತು! ಉಳಿದದ್ದನ್ನು ವಾಪಸ್ ತೆಗೆದುಕೊಳ್ಳಿ ಎಂದರೆ, "ಬಿಲ್ ಇದೆಯೇ ಸರ್?"

ಬಿಲ್ ಕೇಳಿ ಪಡೆಯಿರಿ. ಅಂಗಡಿಯಲ್ಲಿ ನಿಂತೇ ಹಿಂಬದಿ ಓದಿ, ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಎಂದು ನೋಡಿ. ಮಳೆಗಾಲದಲ್ಲಿ ಈ ಕಡೆ ಬರುವುದಾದರೆ ಬೆಲ್ಲ, ಅವಲಕ್ಕಿ, ಒಣಗಿಸಿದ ಬಾಳೆಹಣ್ಣು ಜೇಬಿನಲ್ಲಿರಲಿ. ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಕೊಡುತ್ತಿದ್ದೇನೆ. ಐದು ಪೊಟ್ಟಣಗಳನ್ನು ಹಾಗೆಯೇ ಎತ್ತಿಟ್ಟಿದ್ದೇನೆ.