ಅಕ್ಕಿಗೆ ತೆರಿಗೆ ಬಿಡೋದಾ, ದುಡ್ಡು ವಾಪಸ್ ಕೊಡೋದಾ? ಎರಡೂ ಕಡೆ ಇದ್ದು ನೋಡಿದ್ದು

2023 ಮತ್ತು 2024, ಎರಡು ವರ್ಷ ಕೆಲಸಕ್ಕೆಂದು ಸಿಂಗಾಪುರದಲ್ಲಿದ್ದೆ. ಈಗ ಮೈಸೂರಿನಲ್ಲಿದ್ದೇನೆ. ಜಿಎಸ್‌ಟಿ ಎರಡೂ ಕಡೆ ಇದೆ. ಆದರೆ ಬಡವರಿಗೆ ಭಾರ ಆಗದ ಹಾಗೆ ನೋಡಿಕೊಳ್ಳುವ ದಾರಿ ಪೂರ್ತಿ ಬೇರೆ. ಅಂಗಡಿ ಬಿಲ್ಲುಗಳನ್ನು ಎತ್ತಿಡುವ ಅಭ್ಯಾಸ ನನ್ನದು. ಹಾಗಾಗಿ ಲೆಕ್ಕ ಹಾಕೋದು ಸುಲಭವಾಯ್ತು.

ಸಿಂಗಾಪುರದಲ್ಲಿ ಒಂದೇ ದರ. 2024ರ ಜನವರಿ 1ರಿಂದ ಅದು 8ರಿಂದ 9 ಪರ್ಸೆಂಟಿಗೆ ಏರಿತು. ಅಕ್ಕಿಗೂ 9, ಚಿನ್ನದ ಬಳೆಗೂ 9. ಮೊದಮೊದಲು ನನಗೆ ಸಿಟ್ಟೇ ಬಂದಿತ್ತು. ಅಕ್ಕಿಗೆ ಇಷ್ಟೊಂದು ತೆರಿಗೆನಾ ಅಂತ.

ಆಗಸ್ಟ್ ಬಂತು. ನಾನು ಬಾಡಿಗೆಗಿದ್ದ ಮನೆಯ ಆಂಟಿ ಮೊಬೈಲ್ ತಂದು ತೋರಿಸಿದರು. ಎಪ್ಪತ್ತು ದಾಟಿದ ಒಂಟಿ ಜೀವ. ಸರ್ಕಾರದಿಂದ ಅವರ ಖಾತೆಗೆ 850 ಡಾಲರ್ ಬಿದ್ದಿತ್ತು. ಜಿಎಸ್‌ಟಿ ವೋಚರ್ ಅಂತಾರೆ ಅದಕ್ಕೆ. ಆದಾಯ ಕಡಿಮೆ ಇರಬೇಕು, ಇರುವ ಮನೆಯ ಬೆಲೆಯೂ ಕಡಿಮೆ ಇರಬೇಕು, ಅಂಥ ಪ್ರಜೆಗಳಿಗೆ ಸಿಗುತ್ತದೆ. ಸುಮಾರು 9,400 ಡಾಲರ್ ಸಾಮಾನು ಕೊಂಡರೆ ಕಟ್ಟುವ ತೆರಿಗೆಗೆ ಅದು ಸಮ. ಆಂಟಿ ವರ್ಷಕ್ಕೆ ಅಷ್ಟು ಸಾಮಾನು ಕೊಳ್ಳುವವರೇ ಅಲ್ಲ. ಕರೆಂಟ್ ಬಿಲ್ಲಿಗೂ ಮೂರು ತಿಂಗಳಿಗೊಮ್ಮೆ ಬೇರೆ ರಿಯಾಯಿತಿ ಇತ್ತು. ಕಟ್ಟಿದ್ದಕ್ಕಿಂತ ಜಾಸ್ತಿ ವಾಪಸ್ ಬಂತು ಅವರಿಗೆ. ನನ್ನ ಸಿಟ್ಟು ಇಳಿಯಿತು.

ಮತ್ತೆ ಏರಿಸಿದ್ದು ಕೆಜಿಎಫ್ ಕಡೆಯ ಒಬ್ಬ ಹುಡುಗ. ಕಟ್ಟಡ ಕೆಲಸಕ್ಕೆ ಬಂದಿದ್ದ. ಭಾನುವಾರ ಟೆಕ್ಕಾ ಮಾರ್ಕೆಟ್ ಹತ್ತಿರ ಕನ್ನಡ ಕೇಳಿ ಮಾತಾಡಿಸಿದ್ದ, ಆಮೇಲೆ ಪರಿಚಯ ಬೆಳೆಯಿತು. ಒಂದು ಸಲ ಅವನ ಕೈಯಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಬಿಲ್ಲಿತ್ತು. 30 ಡಾಲರ್. ಅದರೊಳಗೆ 2 ಡಾಲರ್ 48 ಸೆಂಟ್ ತೆರಿಗೆ. ಆಂಟಿಯ ವೋಚರ್ ವಿಷಯ ಹೇಳಿದೆ.

"ನಂಗೂ ಸಿಗುತ್ತಾ ಅಕ್ಕ?"

ಸಿಗಲ್ಲ. ಅವನು ಅಲ್ಲಿನ ಪ್ರಜೆ ಅಲ್ಲ. ನನಗೂ ಸಿಗುತ್ತಿರಲಿಲ್ಲ, ಆದರೆ ನನ್ನ ಸಂಬಳಕ್ಕೆ ಆ ತೆರಿಗೆ ಭಾರವಾಗುತ್ತಿರಲಿಲ್ಲ. ಅಂಗಡಿಯಲ್ಲಿ 100 ಡಾಲರ್ ದಾಟಿದ ಖರೀದಿಗೆ ಪ್ರವಾಸಿಗರು ಏರ್‌ಪೋರ್ಟಿನಲ್ಲಿ ತೆರಿಗೆ ವಾಪಸ್ ಪಡೆದು ಹೋಗುತ್ತಾರೆ. ಆ ಊರಿನ ಕಟ್ಟಡ ಕಟ್ಟುವವನಿಗೆ ಅನ್ನದ ಮೇಲಿನ ತೆರಿಗೆಯೂ ವಾಪಸ್ ಇಲ್ಲ. ಇದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಇನ್ನು ನಮ್ಮೂರು. 2025ರ ಸೆಪ್ಟೆಂಬರ್ 22ರಿಂದ ದರಗಳು ಮುಖ್ಯವಾಗಿ 5 ಮತ್ತು 18, ಜೊತೆಗೆ ಐಷಾರಾಮಿ ಕಾರುಗಳಂಥ ಕೆಲವಕ್ಕೆ ಮೀಸಲಾದ 40. ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ 18ರಿಂದ 5ಕ್ಕೆ ಇಳಿದವು. ಒಳ್ಳೆಯದೇ ಆಯ್ತು. ಬಿಡಿ ಅಕ್ಕಿ, ಬೇಳೆ, ತರಕಾರಿಗೆ ತೆರಿಗೆ ಇಲ್ಲ. ಅರ್ಜಿ ಹಾಕಬೇಕಿಲ್ಲ, ಕಾರ್ಡ್ ತೋರಿಸಬೇಕಿಲ್ಲ. ಆ ಹುಡುಗ ಇಲ್ಲಿದ್ದಿದ್ದರೆ ಅವನಿಗೂ ತಾನಾಗಿಯೇ ಸಿಗುತ್ತಿತ್ತು.

ಆದರೆ ಇಲ್ಲೂ ತೂತು ಇದೆ. 2022ರ ಜುಲೈ 18ರಿಂದ, 25 ಕೆಜಿವರೆಗಿನ ಲೇಬಲ್ ಹಾಕಿದ ಅಕ್ಕಿ ಪ್ಯಾಕೆಟ್ಟಿಗೆ 5 ಪರ್ಸೆಂಟ್. ಅದಕ್ಕೇ ಈಗ ಅಂಗಡಿಯಲ್ಲಿ 26 ಕೆಜಿ ಮೂಟೆ ಸಿಗೋದು. ನಾನು ಅದನ್ನೇ ತರುತ್ತೇನೆ, ತೆರಿಗೆ ಸೊನ್ನೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ ರೇಷನ್ ಅಕ್ಕಿ ತಿಂಗಳ ಕೊನೆಯ ವಾರಕ್ಕೆ ಸಾಲಲ್ಲ. ಮೂಟೆಗೆ ಒಟ್ಟಿಗೆ ಸಾವಿರದೈನೂರು ಹೊಂದಿಸೋದು ಕಷ್ಟ. ಅವರ ಬೀದಿಯ ಅಂಗಡಿಯಲ್ಲಿರೋದು ಪ್ಯಾಕೆಟ್ ಮಾತ್ರ. 350 ರೂಪಾಯಿ ಕೊಟ್ಟು 5 ಕೆಜಿ ತಂದರೆ ಅದರಲ್ಲಿ ಸುಮಾರು 17 ರೂಪಾಯಿ ತೆರಿಗೆ. ಒಟ್ಟಿಗೆ ಕೊಳ್ಳುವ ಶಕ್ತಿ ಇರುವ ನನಗೆ ಮಾಫಿ, ಇಲ್ಲದ ಅವರಿಗೆ ವಸೂಲಿ.

ಮೊಬೈಲ್ ರೀಚಾರ್ಜಿಗೆ 18. ಇಬ್ಬರೂ 299ರದ್ದೇ ಹಾಕಿಸೋದು, ಇಬ್ಬರಿಂದಲೂ 45 ರೂಪಾಯಿ ಚಿಲ್ಲರೆ ಹೋಗುತ್ತದೆ. ನಾನು ತಿಂಗಳ ಸಂಬಳದಲ್ಲಿ ಮೂರನೇ ಒಂದು ಭಾಗ ಉಳಿಸುತ್ತೇನೆ, ಆ ಉಳಿತಾಯಕ್ಕೆ ಜಿಎಸ್‌ಟಿ ತಾಗಲ್ಲ. ಅವರದು ಪೂರ್ತಿ ಖರ್ಚಾಗುತ್ತದೆ. ಖರ್ಚಿನ ಮೇಲೆ ಹಾಕುವ ತೆರಿಗೆಯ ಮೂಲ ದೋಷವೇ ಇದು, ಅಲ್ವಾ?

ಹಾಗಾದರೆ ನಾವೂ ದುಡ್ಡು ವಾಪಸ್ ಕೊಟ್ಟರಾಯ್ತಲ್ಲ ಅನ್ನಿಸಬಹುದು. ನನಗೂ ಅನ್ನಿಸಿತ್ತು. 2023ರ ಜುಲೈನಿಂದ ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರಲ್ಲ, ಅದು ಹೇಗಿತ್ತು ಅಂತ ಅಕ್ಕನನ್ನೇ ಕೇಳಿದೆ. ಪಾತ್ರೆ ಉಜ್ಜುತ್ತಲೇ ಹೇಳಿದರು: "ಬಂದಿದ್ದೇ ಗೊತ್ತಾಗ್ತಿರಲಿಲ್ಲ ಕಣಮ್ಮ. ಸಂಘದ ಕಂತಿಗೆ ಹೋಗೋದು. ಅಕ್ಕಿ ಆದ್ರೆ ಮನೇಲಿರ್ತದೆ."

ನನ್ನ ಮತ ನಮ್ಮ ಪದ್ಧತಿಗೇ. ಆಂಟಿಯ 850 ಡಾಲರ್ ನೋಡಿದ ಮೇಲೂ ಹೇಳುತ್ತೇನೆ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಸಿಂಗಾಪುರದ ದಾರಿ ತುಂಬ ಚೆನ್ನಾಗಿದೆ. ಆದರೆ ಪಟ್ಟಿಗೆ ಸೇರದವರ ತಟ್ಟೆಗೂ ತಲುಪೋದು ಅಕ್ಕಿಯ ಸೊನ್ನೆ ದರ ಮಾತ್ರ. ಆ ಸೊನ್ನೆ ಮೂಟೆಗಷ್ಟೇ ನಿಲ್ಲದೆ ಸಣ್ಣ ಪ್ಯಾಕೆಟ್ಟಿಗೂ ಬರಬೇಕು. 5 ಕೆಜಿ ಪ್ಯಾಕೆಟ್ಟಿನಿಂದಲೇ ಶುರುವಾಗಲಿ.