ನೇಪಾಳಕ್ಕೆ ಕಂಟೇನರ್: ಕೋಲ್ಕತ್ತವೋ, ವಿಶಾಖಪಟ್ಟಣವೋ?

ಕಾಠ್ಮಂಡುವಿಗೆ ಸರಕು ತರಿಸಲು ಯಾವ ಬಂದರು ಎಂದು ಕೇಳಿದ್ದೀರಿ. ನೇಪಾಳಕ್ಕೆ ಕಡಲಿಲ್ಲ, ಹೆಚ್ಚಿನ ಸರಕಿಗೆ ನಮ್ಮ ಬಂದರುಗಳೇ ಗತಿ ಅಲ್ವಾ?

ದೂರದ ಲೆಕ್ಕದಲ್ಲಿ ಕೋಲ್ಕತ್ತ ಮುಂದು. ಗಡಿಯ ಬೀರ್‌ಗಂಜ್‌ಗೆ ಸುಮಾರು 700 ಕಿ.ಮೀ. ವಿಶಾಖಪಟ್ಟಣದಿಂದ ಹೆಚ್ಚುಕಡಿಮೆ ಎರಡರಷ್ಟು, ರೈಲು ಬಾಡಿಗೆಯೂ ಜಾಸ್ತಿ.

ಆದರೆ ಕೋಲ್ಕತ್ತ ನದಿ ಬಂದರು. ಹೂಗ್ಲಿಯಲ್ಲಿ ಹೂಳು, ಆಳ ಕಡಿಮೆ. ದೊಡ್ಡ ಹಡಗು ಬರುವುದಿಲ್ಲ. ಸಿಂಗಪುರದಲ್ಲೋ ಕೊಲಂಬೊದಲ್ಲೋ ಕಂಟೇನರ್ ಇಳಿಸಿ ಸಣ್ಣ ಹಡಗಿಗೆ ಏರಿಸಬೇಕು. ಅಲ್ಲೇ ದಿನಗಳು ಕಳೆಯುತ್ತವೆ. ವಿಶಾಖಪಟ್ಟಣ ಆಳದ ಬಂದರು, ದೊಡ್ಡ ಹಡಗು ನೇರ ಬಂದು ನಿಲ್ಲುತ್ತದೆ.

ಕಸ್ಟಮ್ಸ್ ವಿಷಯದಲ್ಲಿ ಎರಡೂ ಒಂದೇ. ಬಂದರಿನಲ್ಲಿ ಎಲೆಕ್ಟ್ರಾನಿಕ್ ಸೀಲ್ ಹಾಕಿದರೆ, ದಾರಿಯಲ್ಲಿ ಕಂಟೇನರ್ ಎಲ್ಲಿದೆ ಎಂದು ತಿಳಿಯುತ್ತಿರುತ್ತದೆ. ನಿಜವಾದ ತಲೆನೋವು ಬೀರ್‌ಗಂಜ್‌ನಲ್ಲಿ: ಇನ್‌ವಾಯ್ಸ್‌ನ ತೂಕ, ಪ್ಯಾಕಿಂಗ್ ಲಿಸ್ಟ್‌ನ ತೂಕ ಹೊಂದದಿದ್ದರೆ ಸುಮ್ನೆ ನಿಲ್ಲುತ್ತದೆ. ಬಂದರು ಬದಲಿಸಿದರೆ ಇದು ಸರಿಹೋಗದು.

ಒಂದೆರಡು ಕಂಟೇನರ್, ಆತುರವಿಲ್ಲ ಎಂದರೆ ಕೋಲ್ಕತ್ತ. ರೈಲು ತುಂಬುವಷ್ಟು ಸರಕಿದ್ದರೆ ವಿಶಾಖಪಟ್ಟಣದ ದರವನ್ನೂ ಕೇಳಿ. ಚೀನಾದಿಂದ ತರುವುದಾದರೆ ನೇಪಾಳ-ಚೀನಾ ಗಡಿಯ ರಸುವಾಗಢಿ ರಸ್ತೆ ಹತ್ತಿರವೇ, ಆದರೆ 2025ರ ಜುಲೈ ಪ್ರವಾಹದಲ್ಲಿ ಅಲ್ಲಿನ ಗಡಿ ಸೇತುವೆಯೇ ಕೊಚ್ಚಿಹೋಯಿತು.